ರೂಟ್ ಕೆನಾಲ್‌ನಲ್ಲಿ ಅರ್ಧ ಮಿಲಿಮೀಟರ್ ಲೆಕ್ಕ

ಕೆಳಸಾಲಿನ ಮೊದಲ ದವಡೆಹಲ್ಲಿನ ಉದ್ದ, ನೆತ್ತಿಯಿಂದ ಬೇರಿನ ತುದಿಯವರೆಗೆ, ಸರಾಸರಿ 21 ಮಿ.ಮೀ. ಅದರೊಳಗೆ ಸಾಮಾನ್ಯವಾಗಿ ಮೂರು ನಾಳಗಳು, ಕೆಲವರಲ್ಲಿ ನಾಲ್ಕು. ಹುಳುಕು ಒಳಗಿನ ತಿರುಳನ್ನು ಮುಟ್ಟಿ ರಾತ್ರಿಯೆಲ್ಲ ನೋವು ಶುರುವಾದಾಗ ಈ ನಾಳಗಳನ್ನು ಖಾಲಿ ಮಾಡಿ, ತೊಳೆದು, ಭದ್ರವಾಗಿ ಮುಚ್ಚಬೇಕು. ನಾವು 'ನರ ತೆಗೆಸುವುದು' ಎನ್ನುವ ರೂಟ್ ಕೆನಾಲ್ ಚಿಕಿತ್ಸೆ ಇದೇ. ಎಲ್ಲಿಂದ ಒಳಗೆ ಹೋಗಬೇಕೆಂಬುದು ಕಣ್ಣಿಗೆ ಕಾಣುತ್ತದೆ. ಎಲ್ಲಿ ನಿಲ್ಲಬೇಕೆಂಬುದು ಕಾಣುವುದಿಲ್ಲ. ಮೊದಲೇ ನಿಂತರೆ ಕೊಳೆತ ತಿರುಳು ತುದಿಯಲ್ಲಿ ಉಳಿದು ಮುಂದೊಂದು ದಿನ ಕೀವಾಗಬಹುದು. ಬೇರಿನ ತುದಿ ದಾಟಿದರೆ ಅದರಾಚೆಯ ಮೂಳೆಗೆ ಗಾಯವಾಗಿ ದಿನಗಟ್ಟಲೆ ನೋವು.

ಮೊದಲೆಲ್ಲ ಇದಕ್ಕೆ ಎಕ್ಸ್‌ರೇಯೊಂದೇ ಆಧಾರ. 1896ರಲ್ಲಿ ಜರ್ಮನಿಯ ದಂತವೈದ್ಯ ಒಟ್ಟೊ ವಾಲ್ಕಾಫ್ ತನ್ನದೇ ಹಲ್ಲುಗಳ ಚಿತ್ರ ತೆಗೆಯಲು 25 ನಿಮಿಷ ಕಿರಣಕ್ಕೆ ಒಡ್ಡಿಕೊಂಡು ಕೂತಿದ್ದ. ಈಗ ಬಾಯೊಳಗೆ ಇಡುವ ಸೆನ್ಸರ್‌ಗೆ ಒಂದು ಸೆಕೆಂಡಿನ ಸಣ್ಣ ಭಾಗ ಸಾಕು. ಚಿತ್ರ ಆಗಲೇ ಪರದೆಯ ಮೇಲೆ ಬರುತ್ತದೆ. ಇಂಥ ಒಂದು ಚಿತ್ರದಿಂದ ಬರುವ ವಿಕಿರಣ ಸುಮಾರು 5 ಮೈಕ್ರೋಸೀವರ್ಟ್. ಸುಮ್ಮನೆ ಬದುಕಿದ್ದಕ್ಕೇ ನೆಲ, ಗಾಳಿ, ಆಕಾಶದಿಂದ ನಮಗೆ ದಿನಕ್ಕೆ ಹೆಚ್ಚುಕಮ್ಮಿ ಅಷ್ಟೇ ಸಿಗುತ್ತದೆ. ಆದರೆ ಚಿತ್ರ ಎಷ್ಟು ಸ್ಪಷ್ಟವಾಗಿದ್ದರೂ ಅದು ಚಪ್ಪಟೆ ನೆರಳು. ನಾಳ ಹೊರಗೆ ತೆರೆಯುವ ಬೇರಿನ ರಂಧ್ರ ಎಷ್ಟೋ ಹಲ್ಲುಗಳಲ್ಲಿ ನೇರ ತುದಿಯಲ್ಲಿ ಇರದೆ ಪಕ್ಕಕ್ಕೆ ತೆರೆದುಕೊಂಡಿರುತ್ತದೆ. ಅದು ಕೆನ್ನೆಯ ಕಡೆಗೋ ನಾಲಿಗೆಯ ಕಡೆಗೋ ಇದ್ದರೆ ಎಕ್ಸ್‌ರೇಯಲ್ಲಿ ಗೊತ್ತೇ ಆಗುವುದಿಲ್ಲ.

ಈ ಕೊರತೆಯನ್ನು ತುಂಬಿದ್ದು ವಿದ್ಯುತ್ತು. ನಾಳದೊಳಗಿನ ಉಪಕರಣ ಬೇರಿನ ತುದಿಯ ಅಂಗಾಂಶವನ್ನು ಮುಟ್ಟಿದಾಗ, ಅದಕ್ಕೂ ಬಾಯಿಯ ಒಳಚರ್ಮಕ್ಕೂ ನಡುವಿನ ವಿದ್ಯುತ್ ರೋಧ ಸುಮಾರು 6.5 ಕಿಲೋಓಮ್. ಯಾರ ಬಾಯಿಯಾದರೂ, ಯಾವ ಹಲ್ಲಾದರೂ ಹೆಚ್ಚು ವ್ಯತ್ಯಾಸವಿಲ್ಲ. 1962ರಲ್ಲಿ ಜಪಾನಿನ ಸುನಾಡ ಇದನ್ನು ತೋರಿಸಿದ. ಬೇರಿನ ತುದಿ (ಅಪೆಕ್ಸ್) ಹುಡುಕುವ ಅಪೆಕ್ಸ್ ಲೊಕೇಟರ್ ಎಂಬ ಪುಟ್ಟ ಪೆಟ್ಟಿಗೆಯ ಮೂಲ ಇದು. ಆರಂಭದ ಯಂತ್ರಗಳು ನಾಳ ಒದ್ದೆಯಿದ್ದರೆ ತಪ್ಪು ಹೇಳುತ್ತಿದ್ದವು. 1990ರ ದಶಕದ ಆರಂಭದಲ್ಲಿ ಬಂದ ಯಂತ್ರಗಳು 0.4 ಮತ್ತು 8 ಕಿಲೋಹರ್ಟ್ಸ್ ಎಂಬ ಎರಡು ಆವರ್ತನಗಳಲ್ಲಿ ಒಟ್ಟಿಗೆ ಅಳೆದು ಅನುಪಾತ ನೋಡತೊಡಗಿದವು. ನಾಳದಲ್ಲಿರುವ ದ್ರವ ಎರಡು ಅಳತೆಗಳನ್ನೂ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಬದಲಿಸುವುದರಿಂದ ಅನುಪಾತ ಅಷ್ಟಾಗಿ ಅಲುಗುವುದಿಲ್ಲ. ಬೇರಿನ ತುದಿಗೆ ತುಸು ಮುಂಚೆ ನಾಳ ಕಿರಿದಾಗುವ ಇಕ್ಕಟ್ಟು ಹತ್ತಿರವಾದಾಗ ಮಾತ್ರ ಥಟ್ಟನೆ ಇಳಿಯುತ್ತದೆ.

ರೋಗಿಗೆ ಇದು ತುಟಿಯಂಚಿಗೆ ಸಿಕ್ಕಿಸಿದ ಲೋಹದ ಕೊಕ್ಕೆ ಮತ್ತು 'ಬೀಪ್' ಸದ್ದು, ಅಷ್ಟೇ. ಇನ್ನೊಂದು ತಂತಿ 10 ಅಥವಾ 15ನೇ ನಂಬರಿನ, ನಾಳ ಕೆರೆಯುವ ಸಣ್ಣ ಉಕ್ಕಿನ ಕಡ್ಡಿಯಾದ ಕೈಫೈಲ್‌ಗೆ, ಅಂದರೆ 0.10 ಅಥವಾ 0.15 ಮಿ.ಮೀ. ದಪ್ಪದ ಮೊನೆಯಿರುವ ಫೈಲ್‌ಗೆ ಹೋಗುತ್ತದೆ. ಸೂಚಿ 'ಅಪೆಕ್ಸ್' ಗುರುತು ಮುಟ್ಟುವವರೆಗೆ ಫೈಲನ್ನು ಇಳಿಸಿ, ಅಲ್ಲಿಂದ 0.5ರಿಂದ 1 ಮಿ.ಮೀ. ಹಿಂದೆ ಎಳೆದು, ಫೈಲ್ ಮೇಲಿನ ರಬ್ಬರ್ ಬಿಲ್ಲೆಯನ್ನು ಹಲ್ಲಿನ ನೆತ್ತಿಗೆ ತಾಗಿಸಿ, ಹೊರತೆಗೆದು ಸ್ಕೇಲಿನಲ್ಲಿ ಅಳೆಯುತ್ತಾರೆ. ಪರದೆಯ ಮೇಲಿನ ಅಂಕೆಗಳು ನಿಜವಾದ ಮಿಲಿಮೀಟರ್ ಅಲ್ಲವೆಂಬುದು ಇಲ್ಲಿ ನೆನಪಿರಬೇಕು. ಫೈಲ್ ಹಳೆಯ ಬೆಳ್ಳಿ ಫಿಲ್ಲಿಂಗಿಗೋ ಲೋಹದ ಕ್ಯಾಪಿಗೋ ತಾಗಿದರೆ, ಹಲ್ಲಿನೊಳಗೆ ರಕ್ತ ಅಥವಾ ಔಷಧ ತುಂಬಿ ನಿಂತಿದ್ದರೆ ಯಂತ್ರ ಅರ್ಧದಾರಿಯಲ್ಲೇ ಬೀಪ್ ಎನ್ನುತ್ತದೆ. ಬೇರಿನ ಪಕ್ಕದಲ್ಲಿ ತೂತಾಗಿದ್ದರೂ ಅಷ್ಟೇ. ಆದ್ದರಿಂದ ಅಳತೆಯನ್ನು ಒಂದು ಎಕ್ಸ್‌ರೇಯೊಂದಿಗೆ ತಾಳೆ ನೋಡುವುದು ಒಳ್ಳೆಯ ಪದ್ಧತಿ. ಪೇಸ್‌ಮೇಕರ್ ಹಾಕಿಸಿಕೊಂಡವರು ಕುರ್ಚಿ ಹತ್ತುವ ಮೊದಲೇ ಅದನ್ನು ಹೇಳಿಬಿಡಬೇಕು.

ಉದ್ದ ಗೊತ್ತಾದ ಮೇಲೆ ನಾಳ ಹಿಗ್ಗಿಸುವ ಕೆಲಸ. ಉಕ್ಕಿನ ಫೈಲ್‌ಗಳು ದಪ್ಪವಾದಂತೆ ಬಿರುಸಾಗುತ್ತವೆ; ಬಾಗಿದ ಬೇರಿನಲ್ಲಿ ನೆಟ್ಟಗಾಗಲು ಹವಣಿಸಿ ಹೊರಗೋಡೆಯನ್ನು ಕೊರೆದು ಮೆಟ್ಟಿಲು ಮಾಡುತ್ತವೆ. 1988ರಲ್ಲಿ ವಾಲಿಯಾ ಮತ್ತು ಸಂಗಡಿಗರು ವಕ್ರದಂತ ಚಿಕಿತ್ಸೆಯ ನಿಕ್ಕಲ್-ಟೈಟಾನಿಯಂ ತಂತಿಯಿಂದ ಫೈಲ್ ಮಾಡಿ, ಅದು ಉಕ್ಕಿಗಿಂತ ಎರಡು ಮೂರು ಪಟ್ಟು ಸುಲಭವಾಗಿ ಬಳುಕುವುದನ್ನು ತೋರಿಸಿದರು. ಮೋಟಾರಿಗೆ ಸಿಕ್ಕಿಸಿ ನಿಮಿಷಕ್ಕೆ 300 ಸುತ್ತಿನ ಆಸುಪಾಸಿನಲ್ಲಿ ತಿರುಗಿಸುವ ಈಗಿನ ಫೈಲ್‌ಗಳ ಪೂರ್ವಜ ಅದು. ರೋಗಿ ಬಾಯಿ ತೆರೆದು ಕೂರುವ ಹೊತ್ತು ಕಡಿಮೆಯಾಗಿದೆ, ನಾಳದ ಆಕಾರವೂ ಕೆಡುವುದಿಲ್ಲ. ಆದರೆ ಈ ಲೋಹ ಮುನ್ಸೂಚನೆ ಕೊಡದೆ ಮುರಿಯುತ್ತದೆ. ಬಾಗಿದ ನಾಳದಲ್ಲಿ ಪ್ರತಿ ಸುತ್ತಿಗೂ ಫೈಲಿನ ಒಂದು ಬದಿ ಹಿಗ್ಗಿ ಇನ್ನೊಂದು ಕುಗ್ಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಾಗಿಸಿ ತುಂಡರಿಸಿದ ಹಾಗೆಯೇ. ಮೊನೆ ಸಿಕ್ಕಿಕೊಂಡು ಹಿಡಿ ತಿರುಗುತ್ತಲೇ ಇದ್ದರೂ ತುಂಡಾಗುತ್ತದೆ. ಅದಕ್ಕೆಂದೇ ತಿರುಚುವ ಬಲ ಮಿತಿ ಮೀರಿದರೆ ತಾನಾಗಿ ಹಿಂದಕ್ಕೆ ತಿರುಗುವ ಮೋಟಾರ್‌ಗಳಿವೆ. ಮೊದಲು ಕೈಫೈಲ್‌ನಿಂದ ದಾರಿ ಮಾಡಿಕೊಳ್ಳದೆ ಮೋಟಾರ್ ಹಚ್ಚುವುದು, ಖರ್ಚು ಉಳಿಸಲು ಒಂದೇ ಫೈಲನ್ನು ಮತ್ತೆ ಮತ್ತೆ ಬಳಸುವುದು, ಇವೆರಡೂ ತುಂಡಾಗುವ ಅಪಾಯವನ್ನು ಹೆಚ್ಚಿಸುತ್ತವೆ. ತುಂಡು ಒಳಗುಳಿದ ಮಾತ್ರಕ್ಕೆ ಹಲ್ಲು ಹೋಯಿತೆಂದಲ್ಲ. ಅದರಾಚೆಗಿನ ಭಾಗ ಆಗಲೇ ಶುದ್ಧವಾಗಿತ್ತೇ ಎಂಬುದು ಮುಖ್ಯ. ರೋಗಿಗೆ ಹೇಳದೆ ಮುಚ್ಚುವುದು ಮಾತ್ರ ಸಲ್ಲದು.

ಫೈಲ್ ಮುಟ್ಟದ ಮೂಲೆಗಳು ಎಷ್ಟೋ ಉಳಿಯುತ್ತವೆ. ಅಲ್ಲಿಗೆ ಹೋಗುವುದು ಸೋಡಿಯಂ ಹೈಪೋಕ್ಲೋರೈಟ್. ಮನೆಯ ಬ್ಲೀಚ್‌ನಲ್ಲಿರುವುದೂ ಇದೇ. ಶೇ 1ರಿಂದ 5ರಷ್ಟು ಪ್ರಬಲವಾಗಿ ಬಳಸುತ್ತಾರೆ. ಕೊಳೆತ ತಿರುಳನ್ನು ಕರಗಿಸುತ್ತದೆ. ಅಲ್ಟ್ರಾಸಾನಿಕ್ ತುದಿಯಿಂದ ಕಂಪಿಸಿದರೆ ಇನ್ನೂ ಒಳಕ್ಕೆ ಇಳಿಯುತ್ತದೆ. ಸೂಜಿ ನಾಳದಲ್ಲಿ ಬಿಗಿಯಾಗಿ ಕೂತಿದ್ದಾಗ ಒತ್ತಿದರೆ ಮಾತ್ರ ದ್ರವ ಬೇರಿನಾಚೆ ನುಗ್ಗಿ, ಕ್ಷಣದಲ್ಲಿ ತೀವ್ರ ನೋವು, ಕೆನ್ನೆಯ ಊತ. ಪಕ್ಕದಲ್ಲಿ ಬಾಯಿರುವ ಸೂಜಿಯನ್ನು ಅಳತೆಗಿಂತ 2 ಮಿ.ಮೀ. ಮೊದಲೇ ನಿಲ್ಲಿಸಿ, ಅಲುಗಾಡಿಸುತ್ತ ನಿಧಾನ ಬಿಡುವುದು ಅದಕ್ಕೇ.

ಈ ದ್ರವ ಗಂಟಲಿಗಿಳಿಯದಂತೆ, ಉಗುಳು ನಾಳಕ್ಕಿಳಿಯದಂತೆ ತಡೆಯುವುದು ರಬ್ಬರ್ ಡ್ಯಾಮ್, ಹಲ್ಲೊಂದನ್ನೇ ಹೊರಗೆ ಬಿಟ್ಟು ಬಾಯಿಗೆ ಕಟ್ಟುವ ಹಾಳೆ. ನ್ಯೂಯಾರ್ಕಿನ ದಂತವೈದ್ಯ ಬಾರ್ನಮ್ ಅದನ್ನು ಬಳಕೆಗೆ ತಂದದ್ದು 1864ರಲ್ಲಿ. ದುಬಾರಿ ಮೈಕ್ರೋಸ್ಕೋಪ್ ಇದ್ದೂ ಡ್ಯಾಮ್ ಹಾಕದ ಕಡೆಗಿಂತ, ಡ್ಯಾಮ್ ಹಾಕಿ ಕನ್ನಡಕದಂತೆ ಹಾಕಿಕೊಳ್ಳುವ ಭೂತಗಾಜಿನಲ್ಲಷ್ಟೇ ಕೆಲಸ ಮಾಡುವ ಕಡೆ ಹೋಗುವುದು ಮೇಲು.

ಹಾಗೆಂದು ಮೈಕ್ರೋಸ್ಕೋಪ್ ಶೋಕಿಯಲ್ಲ. ಮೇಲಿನ ಮೊದಲ ದವಡೆಹಲ್ಲಿನ ಕೆನ್ನೆಬದಿಯ ಮುಂದಿನ ಬೇರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಎರಡನೆಯ ನಾಳವಿರುತ್ತದೆ. ಅದರ ಬಾಯಿ ಕೂದಲೆಳೆಯಷ್ಟು, ಬರಿಗಣ್ಣಿಗೆ ತಪ್ಪಿಹೋಗುತ್ತದೆ. ರೂಟ್ ಕೆನಾಲ್ ಆದ ಮೇಲ್ದವಡೆ ಹಲ್ಲು ಮತ್ತೆ ನೋಯತೊಡಗಿದರೆ ಮೊದಲ ಅನುಮಾನ ಇದರ ಮೇಲೆ. ಆಗ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ನಿಜಕ್ಕೂ ಉಪಯೋಗ. ಅದರ ವಿಕಿರಣ ಮಾಮೂಲು ಚಿತ್ರದ ಹಲವು ಪಟ್ಟು ಇರುವುದರಿಂದ ಪ್ರತಿ ಹಲ್ಲಿಗೂ ಮಾಡಿಸುವುದಲ್ಲ. ಮಾಡಿಸುವುದಾದರೆ ಆ ಒಂದೆರಡು ಹಲ್ಲಿನ ಭಾಗಕ್ಕಷ್ಟೇ ಸೀಮಿತವಾದ ಸ್ಕ್ಯಾನ್ ಸಾಕು. ಪಕ್ಕದಲ್ಲಿ ಲೋಹದ ಕ್ಯಾಪ್ ಇದ್ದರೆ ಚಿತ್ರದಲ್ಲಿ ಗೆರೆಗೆರೆಯಾಗಿ ಓದಲಾಗದೆ ಹೋಗುವುದೂ ಉಂಟು.

ನೋವು ನಿಂತಿತೆಂದು ತಾತ್ಕಾಲಿಕ ಸಿಮೆಂಟಿನಲ್ಲೇ ತಿಂಗಳುಗಟ್ಟಲೆ ಓಡಾಡುವವರಿದ್ದಾರೆ. ಅದು ಸವೆದು ಉಗುಳು ಒಳಗಿಳಿದರೆ ಮೇಲಿನ ಯಂತ್ರಗಳೆಲ್ಲ ಮಾಡಿದ್ದು ವ್ಯರ್ಥ. ಒಳಗೆ ಟೊಳ್ಳಾದ ದವಡೆಹಲ್ಲು ಚಕ್ಕುಲಿ ಕಚ್ಚಿದಾಗ ಬೇರಿನವರೆಗೆ ಸೀಳಿದರೆ ಕೀಳಿಸುವುದೊಂದೇ ದಾರಿ. ಹಾಗಾಗದಂತೆ ಮೇಲೆ ಕ್ಯಾಪ್ ಹಾಕಿಸಬೇಕು. ಕ್ಯಾಪ್‌ಗೆ ಈಗ ವಾಕರಿಕೆ ತರಿಸುವ ಅಚ್ಚಿನ ಬದಲು ಸ್ಕ್ಯಾನರ್ ಹಿಡಿಯುವ ಕ್ಲಿನಿಕ್‌ಗಳಿವೆ. ಸ್ಕ್ಯಾನರ್ ತನಗೆ ಕಾಣುವುದನ್ನಷ್ಟೇ ದಾಖಲಿಸುತ್ತದೆ. ಅರೆದ ಹಲ್ಲಿನ ಅಂಚು ವಸಡಿನ ಕೆಳಗಿದ್ದರೆ ಮೊದಲು ನೂಲಿಟ್ಟು ವಸಡು ಸರಿಸಿ, ರಕ್ತ ನಿಲ್ಲಿಸಿ, ಒಣಗಿಸಬೇಕು. ಆ ಐದು ಹತ್ತು ನಿಮಿಷ ಕೊಡದಿದ್ದರೆ ಪರದೆಯ ಮೇಲೆ ಅಂದದ ಚಿತ್ರ ಬರುತ್ತದೆ, ಕ್ಯಾಪಿನ ಅಂಚು ಮಾತ್ರ ಹಲ್ಲಿಗೆ ಕೂರುವುದಿಲ್ಲ.