ತೀರ್ಥಹಳ್ಳಿ ಬ್ರಾಂಚ್ ಎಂದರು, ಶಿವಮೊಗ್ಗಕ್ಕೆ ಓಡಾಡಿಸಿದರು

ಜುಲೈ ತಿಂಗಳ ಒಂದು ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಆ ಹುಡುಗಿ ಶಿವಮೊಗ್ಗದ ನನ್ನ ವಕೀಲಿ ಕಚೇರಿಗೆ ಬಂದಳು. ಒದ್ದೆ ಛತ್ರಿಯನ್ನು ಬಾಗಿಲ ಮೂಲೆಗೆ ಒರಗಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ನೇಮಕಾತಿ ಪತ್ರವನ್ನು ಮೇಜಿನ ಮೇಲಿಟ್ಟಳು. ಜೊತೆಯಲ್ಲಿದ್ದ ತಂದೆ, ‘ಸೇರಿ ಇನ್ನೂ ತಿಂಗಳಾಗಿಲ್ಲ ಮೇಡಂ. ಯಾಕಾದರೂ ಸೇರಿದೆನೋ ಎಂದು ರಾತ್ರಿ ಅಳುತ್ತಾ ಕೂರುತ್ತಾಳೆ’ ಎಂದರು. ಹುಡುಗಿ ತಲೆ ತಗ್ಗಿಸಿಕೊಂಡೇ, ‘ತಪ್ಪು ನನ್ನದೇ, ಸರಿಯಾಗಿ ವಿಚಾರಿಸಲಿಲ್ಲ’ ಎಂದಳು.

ಉದ್ಯೋಗದ ತಕರಾರು ಹೊತ್ತು ಬರುವ ಎಳೆಯರಲ್ಲಿ ಹೆಚ್ಚಿನವರ ಬಾಯಿಂದ ಮೊದಲು ಬರುವ ಮಾತು ಇದೇ. ನನ್ನನ್ನು ಬಹಳ ನೋಯಿಸುವ ಮಾತೂ ಇದೇ. ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ಮನೆ ತೀರ್ಥಹಳ್ಳಿಯಿಂದಾಚೆ, ಮೇಗರವಳ್ಳಿ ಕಡೆ. ಒಂದು ಖಾಸಗಿ ಹಣಕಾಸು ಸಂಸ್ಥೆ ‘ತೀರ್ಥಹಳ್ಳಿ ಬ್ರಾಂಚಿಗೆ’ ಎಂದು ಸಂದರ್ಶನ ಮಾಡಿ ಆರಿಸಿತ್ತು. ಸಂಬಳ ತಿಂಗಳಿಗೆ 17,000 ರೂಪಾಯಿ. ಊರಿನ ಹತ್ತಿರವೇ ಕೆಲಸ ಸಿಕ್ಕಿತಲ್ಲ ಎಂದು ಮನೆಯವರೆಲ್ಲ ಹಿಗ್ಗಿದ್ದರು. ಸೇರಿದ ದಿನ ಬೇರೆಯೇ ಸಂಗತಿ ಗೊತ್ತಾಯಿತು. ನಾಲ್ಕು ತಿಂಗಳು ಶಿವಮೊಗ್ಗದಲ್ಲಿ ತರಬೇತಿ, ಆಮೇಲೆ ಮೂರು ವಾರ ಬೆಂಗಳೂರಿನಲ್ಲಿ, ಉಳಿದುಕೊಳ್ಳುವ ವ್ಯವಸ್ಥೆ ಸ್ವಂತದ್ದು, ಭಾನುವಾರ ಮೊಬೈಲಿನಲ್ಲಿ ಪರೀಕ್ಷೆ. ಎರಡು ವರ್ಷದೊಳಗೆ ಬಿಟ್ಟರೆ 1 ಲಕ್ಷ ರೂಪಾಯಿ ಕಟ್ಟುವುದಾಗಿ ಛಾಪಾ ಕಾಗದದ ಬಾಂಡಿನ ಮೇಲೆ ಸಹಿ. ಪರಿಶೀಲನೆಗೆಂದು ಪಡೆದ ಪದವಿಯ ಮೂಲ ಅಂಕಪಟ್ಟಿಗಳು ಮರಳಿ ಕೈಗೆ ಬರಲೇ ಇಲ್ಲ.

ದಿನಚರಿ ಬರೆದಿದ್ದೀಯಾ ಎಂದು ಕೇಳಿದೆ. ಚಿಕ್ಕದೊಂದು ನೋಟ್‌ಬುಕ್ ತೆಗೆದಳು. ಬೆಳಿಗ್ಗೆ 5.50ಕ್ಕೆ ಮನೆ ಬಿಡುವುದು, ಮಳೆಯಲ್ಲಿ ಇಪ್ಪತ್ತು ನಿಮಿಷ ನಡಿಗೆ, ತೀರ್ಥಹಳ್ಳಿಯಲ್ಲಿ ಬಸ್ ಬದಲಿಸುವುದು, ಅಲ್ಲಿಂದ ಮಂಡಗದ್ದೆ, ಗಾಜನೂರು ದಾಟಿ ಅರವತ್ತು ಚಿಲ್ಲರೆ ಕಿಲೋಮೀಟರ್, ಬಸ್ ನಿಲ್ದಾಣದಿಂದ ಆಟೊ. ಸಂಜೆ ತರಬೇತಿ ಮುಗಿಯುವುದು ಆರೂವರೆಗೆ, ಮನೆ ಸೇರುವುದು ರಾತ್ರಿ ಒಂಬತ್ತೂವರೆಗೆ. ಒಂದು ಪುಟದಲ್ಲಿ ‘ಇವತ್ತು ಬಸ್ಸಿನಲ್ಲಿ ನಿಂತೇ ನಿದ್ದೆ ಬಂತು’ ಎಂದು ಬರೆದು, ಅದರ ಕೆಳಗೆ ಟಿಕೆಟ್ಟಿನ ಮೊತ್ತ ಕೂಡಿಸಿದ್ದಳು.

ಹೆಂಗಸರಿಗೆ ಬಸ್ ಪುಕ್ಕಟೆ, ಇನ್ನೇನು ತೊಂದರೆ ಎಂದು ಸಂಸ್ಥೆಯವರು ಕೇಳಿದ್ದರಂತೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಿಗೆ ಮಾತ್ರ ಅನ್ವಯ. ನಮ್ಮ ಮಲೆನಾಡಿನ ರಸ್ತೆಗಳಲ್ಲಿ ಹೊತ್ತಿಗೆ ಸರಿಯಾಗಿ ಸಿಗುವುದು ಬಹುಪಾಲು ಖಾಸಗಿ ಬಸ್ಸು, ಅಲ್ಲಿ ಪೂರ್ತಿ ದುಡ್ಡು ಕೊಡಬೇಕು. ಆಟೊ ಸೇರಿ ದಿನಕ್ಕೆ 220 ರೂಪಾಯಿಯಂತೆ ಇಪ್ಪತ್ತು ದಿನಕ್ಕೆ 4,400 ಖರ್ಚಾಗಿತ್ತು. ಪೂರ್ತಿ ತಿಂಗಳಿಗೆ ಹಿಡಿದರೆ ಸಂಬಳದ ಮೂರರಲ್ಲೊಂದು ಪಾಲಿನ ಹತ್ತಿರಕ್ಕೆ ಬರುತ್ತದೆ. ಈ ಲೆಕ್ಕ ನೋಡಿದ ಮೇಲೆ ತಂದೆಯೂ, ‘ಹೊಂದಿಕೊಂಡು ಹೋಗು ಎಂದು ನಾನೇ ಹೇಳುತ್ತಿದ್ದೆ’ ಎಂದು ಸುಮ್ಮನಾದರು.

ಆಗ ನಾನು ಕೇಳಿದ್ದು ಒಂದೇ ಪ್ರಶ್ನೆ. ಸೇರುವ ಮೊದಲು ತರಬೇತಿಯ ವಿಷಯ ಅವರಲ್ಲಿ ವಿಚಾರಿಸಿದ್ದೆಯಾ?

‘ವಾಟ್ಸ್ಆ್ಯಪ್‌ನಲ್ಲಿ ಒಂದು ಸಲ ಕೇಳಿದ್ದೆ’ ಎಂದು ಮೊಬೈಲ್ ಹುಡುಕಿದಳು. ‘ಸರ್, ತರಬೇತಿ ಎಲ್ಲಿ, ಎಷ್ಟು ದಿನ?’ ಎಂಬ ಅವಳ ಸಂದೇಶ. ಅದರ ಕೆಳಗೆ ನೇಮಕಾತಿ ನೋಡಿಕೊಳ್ಳುವವರ ಉತ್ತರ: ‘ತೀರ್ಥಹಳ್ಳಿಯಲ್ಲೇ. ಒಂದು ವಾರ.’

ಸರಿಯಾಗಿ ವಿಚಾರಿಸಲಿಲ್ಲ ಎಂದು ತನ್ನನ್ನೇ ಶಪಿಸಿಕೊಳ್ಳುತ್ತಿದ್ದ ಹುಡುಗಿ ವಿಚಾರಿಸಿದ್ದಳು. ಅವರು ಸುಳ್ಳು ಹೇಳಿದ್ದರು.

ಕಾನೂನಿನಲ್ಲಿ ಇದು ದೊಡ್ಡ ವ್ಯತ್ಯಾಸ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮಿನ ಪ್ರಕಾರ, ಹೇಳಬೇಕಾದ ಹೊಣೆ ಇಲ್ಲದಿದ್ದರೆ ಬರೀ ಮೌನ ವಂಚನೆಯಾಗುವುದಿಲ್ಲ. ಆದರೆ ಕೇಳಿದ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟು ಒಪ್ಪಿಗೆ ಪಡೆದರೆ ಅದು ವಂಚನೆಯೋ ತಪ್ಪು ನಿರೂಪಣೆಯೋ ಆಗುತ್ತದೆ, 19ನೇ ಕಲಮಿನ ಪ್ರಕಾರ ಆ ಕರಾರನ್ನು ರದ್ದುಪಡಿಸುವ ಹಕ್ಕು ಮೋಸಹೋದವರಿಗೆ ಸಿಗುತ್ತದೆ. ಸಾಮಾನ್ಯ ಎಚ್ಚರಿಕೆಯಿಂದ ನಿಜ ತಿಳಿದುಕೊಳ್ಳಬಹುದಿತ್ತು ಎಂದು ಎದುರಿನವರು ವಾದಿಸಬಹುದು. ಕೇಳಿದ್ದಕ್ಕೆ ಬರಹದ ಪುರಾವೆ ಇದ್ದರೆ ಆ ವಾದದ ಬಲ ಬಹಳ ಕುಗ್ಗುತ್ತದೆ.

ಇದಕ್ಕೆ ಎದುರಾದ ಇನ್ನೊಂದು ಪ್ರಕರಣ ನೆನಪಾಗುತ್ತದೆ. ತುಮರಿ ಕಡೆಯ ಹುಡುಗನೊಬ್ಬ ಸಾಗರದ ಅಂಗಡಿಯೊಂದಕ್ಕೆ ಸೇರಿದ್ದ. ಕೆಲಸ ಮುಗಿದ ಮೇಲೆ ಸಂಜೆ ಏಳರವರೆಗೆ ತರಬೇತಿ ಇರುತ್ತದೆಂದು ಆಮೇಲೆ ತಿಳಿಯಿತು. ಶರಾವತಿ ಹಿನ್ನೀರಿನ ಮೇಲೆ ಆಗ ಸೇತುವೆ ಇರಲಿಲ್ಲ, ಕೊನೆಯ ಲಾಂಚ್ ತಪ್ಪಿದರೆ ಅಂಬಾರಗೋಡ್ಲಿನ ದಡದಲ್ಲೇ ರಾತ್ರಿ. 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಗಿ ಆ ಕಷ್ಟ ತೀರಿತು, ಅವನ ಕೆಲಸ ಮಾತ್ರ ಅದಕ್ಕೂ ಮೊದಲೇ ಹೋಗಿತ್ತು. ಅವನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಮಾಲೀಕರಿಗೆ ಬರೆದು ಸಮಯ ಬದಲಿಸಿ ಎಂದು ವಿನಂತಿಸುವುದರ ಹೊರತು ಹೆಚ್ಚೇನೂ ನನ್ನಿಂದಾಗಲಿಲ್ಲ. ಆ ಅಸಹಾಯಕತೆ ಈಗಲೂ ಮನಸ್ಸಿನಲ್ಲಿದೆ. ಕೆಲಸಕ್ಕೆ ಸೇರುವ ಪ್ರತಿಯೊಬ್ಬರಿಗೂ ಕೇಳಿ, ಬರಹದಲ್ಲಿ ಕೇಳಿ ಎಂದು ಹಟ ಹಿಡಿದು ಹೇಳುವುದು ಅದಕ್ಕೇ. ತರಬೇತಿ ಯಾವ ಊರಿನಲ್ಲಿ, ಎಷ್ಟು ದಿನ, ಆ ದಿನಗಳಿಗೆ ಸಂಬಳ ಉಂಟೇ, ಓಡಾಟದ ಖರ್ಚು ಯಾರದು, ವಾರದ ರಜೆ ಯಾವತ್ತು, ಬಾಂಡ್ ಇದೆಯೇ? ನಾಲ್ಕು ಸಾಲಿನ ಸಂದೇಶ ಸಾಕು. ಇಷ್ಟು ಕೇಳಿದ್ದಕ್ಕೆ ಕೆಲಸ ತಪ್ಪಿತೆಂದರೆ ಅಂಥ ಕೆಲಸ ತಪ್ಪಿದ್ದು ಒಳ್ಳೆಯದೇ ಎಂದು ನಾನು ನಂಬಿದ್ದೇನೆ.

ಬಾಂಡಿನ ಹೆದರಿಕೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಮನೆ ಮಂದಿಯನ್ನೆಲ್ಲ ನಿದ್ದೆಗೆಡಿಸುವುದು ಆ 1 ಲಕ್ಷ. ಕರಾರು ಕಾಯ್ದೆಯ 74ನೇ ಕಲಮಿನಂತೆ, ಬಾಂಡಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ. ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೆಂದು ತೀರ್ಮಾನಿಸುವುದು ನ್ಯಾಯಾಲಯ. ತರಬೇತಿಗೆ ಸಂಸ್ಥೆ ನಿಜವಾಗಿ ಎಷ್ಟು ಖರ್ಚು ಮಾಡಿತು ಎಂಬ ಪ್ರಶ್ನೆ ಅಲ್ಲಿ ಬಂದೇ ಬರುತ್ತದೆ. ಹಾಗೆಂದು ಬಾಂಡ್ ಎಂದರೆ ಬರೀ ಕಾಗದ ಎಂದು ಯಾರಾದರೂ ಧೈರ್ಯ ಹೇಳಿದರೆ ನಂಬಬೇಡಿ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷ ತುಂಬುವ ಮೊದಲೇ ರಾಜೀನಾಮೆ ಕೊಟ್ಟ ಅಧಿಕಾರಿಗೆ ವಿಧಿಸಿದ್ದ 2 ಲಕ್ಷ ರೂಪಾಯಿಯ ಷರತ್ತನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಅದು ಸಾರ್ವಜನಿಕ ವಲಯದ ಬ್ಯಾಂಕು, ಬಹಿರಂಗ ನೇಮಕಾತಿಯ ಖರ್ಚು ದೊಡ್ಡದು, ಹುದ್ದೆಯೂ ಹಿರಿಯದು. 17,000 ಸಂಬಳದ ಹುಡುಗಿಗೆ ಸುಳ್ಳು ಹೇಳಿ ಸಹಿ ಹಾಕಿಸಿಕೊಂಡದ್ದನ್ನು ಅದರ ಪಕ್ಕದಲ್ಲಿ ಇಡಲಾಗದು. ಇನ್ನು ಮೂಲ ಅಂಕಪಟ್ಟಿಯನ್ನು ಒತ್ತೆಯಂತೆ ಇಟ್ಟುಕೊಳ್ಳಲು ಯಾವ ಮಾಲೀಕನಿಗೂ ಅಧಿಕಾರವಿಲ್ಲ. ಪರಿಶೀಲನೆಗೆ ಕೇಳಿದರೆ ಮೂಲ ತೋರಿಸಿ, ನಕಲು ಕೊಟ್ಟು ಬನ್ನಿ.

ಓಡಾಟದ ಹೊತ್ತಿನ ಬಗ್ಗೆ ಕಾನೂನು ನಮ್ಮ ಪರವಾಗಿ ಅಷ್ಟಾಗಿ ಮಾತಾಡುವುದಿಲ್ಲ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕುತ್ತದೆ, ವಾರಕ್ಕೊಂದು ರಜೆ ಕೊಡಲೇಬೇಕು ಎನ್ನುತ್ತದೆ. ಬಸ್ಸಿನಲ್ಲಿ ಕಳೆದ ಗಂಟೆಗಳು ಆ ಲೆಕ್ಕಕ್ಕೆ ಸೇರುವುದಿಲ್ಲ. ಆದರೆ ಬರಲೇಬೇಕೆಂದು ಕರೆದ ತರಬೇತಿ, ಬರೆಯಲೇಬೇಕೆಂದು ಹೇಳಿದ ಭಾನುವಾರದ ಪರೀಕ್ಷೆ ಕೆಲಸವೇ ಎಂಬುದು ನನ್ನ ವಾದ. ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾಯ್ದೆಯ ವ್ಯಾಪ್ತಿಯಲ್ಲಿರುವವರು ಇನ್ನೊಂದು ಸಂಗತಿ ತಿಳಿದಿರಬೇಕು: ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವನ್ನೂ ಕೆಲಸದ ಅಪಘಾತವೆಂದು ಪರಿಗಣಿಸುವ ಕಲಮು 2010ರಲ್ಲಿ ಆ ಕಾಯ್ದೆಗೆ ಸೇರಿತು. ಘಾಟಿ, ತಿರುವು, ಮಳೆಯ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಬೇಸತ್ತವರು ಮಾಡುವ ದೊಡ್ಡ ತಪ್ಪೆಂದರೆ ಒಂದು ದಿನ ಹೇಳದೆ ಕೇಳದೆ ಹೋಗುವುದನ್ನೇ ನಿಲ್ಲಿಸಿ, ಫೋನ್ ತೆಗೆಯದೆ ಕೂರುವುದು. ಈ ಹುಡುಗಿಯೂ ಮರುದಿನದಿಂದ ಹಾಗೆಯೇ ಮಾಡಬೇಕೆಂದಿದ್ದಳು. ನಾನು ಬೇಡವೆಂದೆ. ನೇಮಕಾತಿ ಪತ್ರದಲ್ಲಿ ಪರೀಕ್ಷಾರ್ಥ ಅವಧಿಯ ನೋಟಿಸ್ ಹದಿನೈದು ದಿನ ಎಂದಿತ್ತು. ಇಬ್ಬರೂ ಕೂತು ಇಮೇಲ್ ಬರೆದೆವು. ಸೇರುವ ಮೊದಲು ನೀವು ಕೊಟ್ಟ ಉತ್ತರ ಇದು, ಅದರಂತೆ ತೀರ್ಥಹಳ್ಳಿ ಶಾಖೆಗೆ ಕಳಿಸಿ, ಆಗದಿದ್ದರೆ ಇದನ್ನೇ ನೋಟಿಸ್ ಸಹಿತ ರಾಜೀನಾಮೆಯೆಂದು ತಿಳಿದು ಅಂಕಪಟ್ಟಿ ಮತ್ತು ಸಂಬಳ ಕೊಡಿ. ಅಳುವಿನ ಮಾತು, ಬೈಗುಳ ಒಂದೂ ಇರಲಿಲ್ಲ. ಸಂದೇಶದ ಚಿತ್ರ, ನೋಟ್‌ಬುಕ್ಕಿನ ಪುಟಗಳ ಪ್ರತಿ ಜೊತೆಗಿದ್ದವು.

ಈಗ ಹೀಗೆ ಬಿಡುವವರಿಗೆ ಇನ್ನಷ್ಟು ಬಲವಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರವನ್ನು ಕಡ್ಡಾಯ ಮಾಡಿವೆ. ರಾಜೀನಾಮೆ ಕೊಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ಪಿಎಫ್ ಕಡಿತವಾಗಿದ್ದು, ಬಿಟ್ಟ ದಿನಾಂಕವನ್ನು ಸಂಸ್ಥೆ ನಮೂದಿಸದಿದ್ದರೆ, ಕೊನೆಯ ವಂತಿಗೆ ಬಂದು ಎರಡು ತಿಂಗಳಾದ ಮೇಲೆ ಇಪಿಎಫ್ಒ ಜಾಲತಾಣದಲ್ಲಿ ನೀವೇ ನಮೂದಿಸಬಹುದು. ಇಲ್ಲವಾದರೆ ಮುಂದಿನ ಕೆಲಸದಲ್ಲಿ ಅದೇ ತೊಡಕಾಗುತ್ತದೆ.

ಆ ಸಂಸ್ಥೆ ಶಾಖೆ ಬದಲಿಸಲಿಲ್ಲ. ಫೋನಿನಲ್ಲಿ 1 ಲಕ್ಷ ಕಟ್ಟಿ ಎಂದಿತು. ತರಬೇತಿಯ ಖರ್ಚಿನ ಲೆಕ್ಕವನ್ನು ಬರಹದಲ್ಲಿ ಕಳಿಸಿ ಎಂದು ಕೇಳಿದೆವು, ಲೆಕ್ಕ ಬರಲಿಲ್ಲ. ನನ್ನ ನೋಟಿಸ್ ಹೋದ ಮೇಲೆ ಅಂಕಪಟ್ಟಿಗಳು ಅಂಚೆಯಲ್ಲಿ ಮನೆಗೆ ಬಂದವು, ದುಡಿದ ದಿನಗಳ ಸಂಬಳವೂ ಬಂತು. ಬಾಂಡಿನ ಹಣಕ್ಕೆ ಇದುವರೆಗೆ ಯಾವ ನೋಟಿಸೂ ಬಂದಿಲ್ಲ. ಬಂದರೆ ಕೊಡಬೇಕಾದ ಉತ್ತರ ಫೈಲಿನಲ್ಲಿ ಸಿದ್ಧವಿದೆ. ಅದರ ಮೊದಲ ಪುಟದಲ್ಲೇ ಆ ಎರಡು ಸಾಲನ್ನು ಅಂಟಿಸಿಟ್ಟಿದ್ದೇನೆ: ‘ತೀರ್ಥಹಳ್ಳಿಯಲ್ಲೇ. ಒಂದು ವಾರ.’