ಯಾವುದರ ಶೇಕಡಾ?

ಮಳೆಗಾಲದ ಹೊಸ್ತಿಲಲ್ಲಿ ಮಂಗಳೂರಿನ ಹಂಪನಕಟ್ಟೆಯ ಅಂಗಡಿಯಲ್ಲಿ 840 ರೂಪಾಯಿಯ ಕೊಡೆಗೆ ಶೇ. 15 ರಿಯಾಯಿತಿ ಇದೆ ಎನ್ನಿ. ಇದಕ್ಕೆ ಕಾಗದವೇ ಬೇಡ. ಶೇ. 10 ಅಂದರೆ 84, ಅದರ ಅರ್ಧ 42, ಒಟ್ಟು 126. ಕೊಡಬೇಕಾದದ್ದು 714 ರೂಪಾಯಿ. ಇಷ್ಟನ್ನು ಏಳನೇ ತರಗತಿಯ ಹೆಚ್ಚಿನ ಮಕ್ಕಳು ಮಾಡುತ್ತಾರೆ.

ಅವರು ಎಡವುವುದು ಲೆಕ್ಕ ತಿರುವುಮುರುವಾದಾಗ. ‘ಶೇ. 20 ರಿಯಾಯಿತಿ ಕಳೆದು 1,200 ರೂಪಾಯಿ ಕೊಟ್ಟರೆ ಮೂಲ ಬೆಲೆ ಎಷ್ಟು?’ ಎಂದು ಕೇಳಿ. 1,200ರ ಶೇ. 20 ಅಂದರೆ 240, ಅದನ್ನು ಕೂಡಿಸಿ 1,440 ಎಂದು ಬರೆಯುತ್ತಾರೆ. ಗುಣಾಕಾರ, ಸಂಕಲನ ಎರಡೂ ಸರಿ; ಉತ್ತರ ಮಾತ್ರ ತಪ್ಪು. ರಿಯಾಯಿತಿ ಕೊಟ್ಟದ್ದು ಮೂಲ ಬೆಲೆಯ ಮೇಲೆ, ಮಗು ತೆಗೆದದ್ದು ಕೊಟ್ಟ ಹಣದ ಮೇಲೆ. ಮೂಲ ಬೆಲೆಯನ್ನು 100 ಪಾಲು ಎಂದಿಟ್ಟುಕೊಂಡರೆ ಕೈಯಿಂದ ಹೋದದ್ದು 80 ಪಾಲು. 80 ಪಾಲಿಗೆ 1,200, ಒಂದು ಪಾಲಿಗೆ 15, ನೂರಕ್ಕೆ 1,500.

ಹೋಟೆಲ್ ಬಿಲ್ಲಿನಲ್ಲೂ ಇದೇ ತಪ್ಪು, ಆದರೆ ಕಣ್ಣಿಗೆ ಬೀಳುವುದಿಲ್ಲ. ಶೇ. 5 ತೆರಿಗೆ ಸೇರಿ 420 ರೂಪಾಯಿ ಆದರೆ ಊಟದ ಬೆಲೆ 400, ತೆರಿಗೆ 20. 420ರ ಮೇಲೆಯೇ ಶೇ. 5 ತೆಗೆದವರಿಗೆ 21 ಸಿಗುತ್ತದೆ. ಒಂದು ರೂಪಾಯಿ ತಾನೇ ಎಂದು ಬಿಡಬಾರದು. ಶೇ. 18 ಸೇರಿ 1,180 ಆದಾಗ ತೆರಿಗೆ 180, ತಪ್ಪು ದಾರಿಯಲ್ಲಿ 212 ರೂಪಾಯಿ 40 ಪೈಸೆ.

ಶೇ. 20 ರಿಯಾಯಿತಿಯ ಮೇಲೆ ಮತ್ತೆ ಶೇ. 10 ಕಳೆದರೆ ಶೇ. 30 ಆಗುವುದಿಲ್ಲ. 2,000 ಮೊದಲು 1,600ಕ್ಕೆ ಇಳಿಯುತ್ತದೆ. ಎರಡನೆಯ ರಿಯಾಯಿತಿ ಆ 1,600ರ ಮೇಲೆ, ಅಂದರೆ 160. ಕೊನೆಗೆ 1,440. ಒಟ್ಟು ಕಡಿತ ಶೇ. 28.

ಹೀಗೆ ‘ಯಾವುದರ?’ ಎಂದು ಕೇಳುವ ರೂಢಿ ಬಿದ್ದ ಮಗುವಿಗೆ ಬೀಜಗಣಿತ ಹೊಸದಾಗಿ ಕಾಣುವುದಿಲ್ಲ. ಉಡುಪಿ ಮಲ್ಲಿಗೆಯ ಲೆಕ್ಕ ಕೊಡಿ: ನಾಲ್ಕು ಚೆಂಡು (ಕಟ್ಟಿದ ಹೂವಿನ ಉಂಡೆ) ಸೇರಿದರೆ ಒಂದು ಅಟ್ಟೆ. 2 ಅಟ್ಟೆ ಮತ್ತು 3 ಚೆಂಡಿಗೆ ಒಂದೇ ದರದಲ್ಲಿ ಒಟ್ಟು 3,300 ರೂಪಾಯಿ ಆದರೆ, ಚೆಂಡಿಗೆ ಎಷ್ಟು? ‘ಚ ಅಂದರೆ ಚೆಂಡು’ ಎಂದು ಬರೆಯಲು ಬಿಡಬೇಡಿ. ಅಕ್ಷರ ನಿಲ್ಲುವುದು ಸಂಖ್ಯೆಗೆ, ವಸ್ತುವಿಗಲ್ಲ. ‘ಒಂದು ಚೆಂಡಿನ ಬೆಲೆ ಚ ರೂಪಾಯಿ’ ಎಂದು ಪೂರ್ತಿ ವಾಕ್ಯವನ್ನೇ ಬರೆಸಿ. ಆಗ ಅಟ್ಟೆಯ ಬೆಲೆ 4ಚ ಎಂಬುದು ತಾನಾಗಿ ಹೊಳೆಯುತ್ತದೆ. ಇಲ್ಲದಿದ್ದರೆ ಅಟ್ಟೆಗೆ ‘ಅ’ ಎಂಬ ಇನ್ನೊಂದು ಅಕ್ಷರ ತಂದು, ಒಂದೇ ಸಮೀಕರಣದಲ್ಲಿ ಎರಡು ಅಜ್ಞಾತ ಇಟ್ಟುಕೊಂಡು ಕೂರುತ್ತಾರೆ.

8ಚ + 3ಚ = 3,300, ಅಂದರೆ 11ಚ = 3,300. ಇಲ್ಲಿ ‘ಆಚೆ ಹೋದರೆ ಚಿಹ್ನೆ ಬದಲು’ ಎಂದು ಬಾಯಿಪಾಠ ಮಾಡಿದವರು 3,300ರಿಂದ 11 ಕಳೆದುಬಿಡುತ್ತಾರೆ. 11 ಇಲ್ಲಿ ಗುಣಿಸಿ ನಿಂತಿದೆ, ಕೂಡಿ ನಿಂತಿಲ್ಲ. ಎರಡೂ ಬದಿಯನ್ನು 11ರಿಂದ ಭಾಗಿಸಬೇಕು. ಆರಂಭದಲ್ಲಿ ‘ಎರಡೂ ಬದಿ ÷ 11’ ಎಂದು ಪಕ್ಕದಲ್ಲಿ ಬರೆಸುವುದೇ ಒಳ್ಳೆಯದು. ಪಕ್ಷಾಂತರದ, ಅಂದರೆ ಸಂಖ್ಯೆಯನ್ನು ಸಮಚಿಹ್ನೆಯ ಆಚೆ ಬದಿಗೆ ಒಯ್ಯುವ, ಅಡ್ಡದಾರಿಯನ್ನು ಆಮೇಲೆ ಕಲಿಸಬಹುದು. ಚೆಂಡಿಗೆ 300, ಅಟ್ಟೆಗೆ 1,200. ತಾಳೆ ನೋಡುವುದು ಸಮೀಕರಣದಲ್ಲಲ್ಲ, ಪ್ರಶ್ನೆಯ ಮಾತಿನಲ್ಲಿ: 2,400 ಮತ್ತು 900 ಸೇರಿದರೆ 3,300. ಸಮೀಕರಣವನ್ನೇ ತಪ್ಪಾಗಿ ಬರೆದಿದ್ದರೆ ಉತ್ತರ ಅದಕ್ಕೆ ಹೊಂದಿಬಿಡುತ್ತದೆ, ಪ್ರಶ್ನೆಗೆ ಹೊಂದುವುದಿಲ್ಲ.