ಸಮನ್ಸ್‌ಗೆ ಸಹಿ ಹಾಕದಿದ್ದರೆ ಏಕಪಕ್ಷೀಯ ಡಿಕ್ರಿ ಬಿದ್ದುಹೋಗುವುದೇ?

ಪ್ರಶ್ನೆ: ಮನೆಯನ್ನು ಅಡಮಾನವಿಟ್ಟು ಸಾಲ ಪಡೆದಿದ್ದೆ. ಸಾಲ ಕೊಟ್ಟವರು ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ, ನಾನು ಹಾಜರಿಲ್ಲದೆಯೇ ಏಕಪಕ್ಷೀಯ ಡಿಕ್ರಿ (ನ್ಯಾಯಾಲಯದ ತೀರ್ಮಾನದ ಆದೇಶ) ಪಡೆದಿದ್ದಾರೆ. ಈಗ ಮನೆ ಹರಾಜಿಗೆ ಬಂದಿದೆ. ಸಮನ್ಸ್‌ಗೆ ನಾನು ಸಹಿಯನ್ನೇ ಹಾಕಿಲ್ಲ. ಆದ್ದರಿಂದ ಡಿಕ್ರಿ ತಾನಾಗಿಯೇ ಅಸಿಂಧುವಲ್ಲವೇ?

ಉತ್ತರ: ಅಲ್ಲ. ಈ ಪ್ರಶ್ನೆಗೆ ಎಷ್ಟು ಬಾರಿ ಉತ್ತರಿಸಿದ್ದೇನೆಂದು ಲೆಕ್ಕವಿಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಡಿಕ್ರಿಯನ್ನು ರದ್ದುಪಡಿಸುವಂತೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9, ನಿಯಮ 13ರ ಅಡಿಯಲ್ಲಿ ನೀವೇ ಅರ್ಜಿ ಹಾಕಬೇಕು. ಅರ್ಜಿಯನ್ನು ಡಿಕ್ರಿ ನೀಡಿದ ನ್ಯಾಯಾಲಯಕ್ಕೇ ಸಲ್ಲಿಸಬೇಕು. ಅದಕ್ಕೆ ಆಧಾರಗಳು ಎರಡೇ: ಸಮನ್ಸ್ ಕ್ರಮಬದ್ಧವಾಗಿ ಜಾರಿಯಾಗಿರಲಿಲ್ಲ ಎಂಬುದು, ಇಲ್ಲವೇ ವಿಚಾರಣೆಯ ದಿನ ಹಾಜರಾಗದಿರಲು ಸಾಕಷ್ಟು ಕಾರಣವಿತ್ತು ಎಂಬುದು. ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ (ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ಅಡಮಾನದ ಆಸ್ತಿಯಿಂದ ಸಾಲ ವಸೂಲು ಮಾಡಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ ಕಾಯ್ದೆ) ಮನೆ ವಶಪಡಿಸಿಕೊಂಡಿದ್ದರೆ ಮಾತು ಬೇರೆ. ಅಲ್ಲಿ ಡಿಕ್ರಿಯೇ ಇರುವುದಿಲ್ಲ. ಆ ಕ್ರಮವನ್ನು ಪ್ರಶ್ನಿಸಲು 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬೇಕು.

ಇನ್ನು ಸಹಿಯ ವಿಷಯ. ಸಹಿ ಹಾಕದಿದ್ದರೆ, ಲಕೋಟೆ ಹಿಂದಕ್ಕೆ ಕಳಿಸಿದರೆ, ಸಮನ್ಸ್ ತಲುಪಿಸುವ ನ್ಯಾಯಾಲಯದ ನೌಕರರಾದ ಅಮೀನರು ಬಂದಾಗ ಒಳಗಿನಿಂದ ಚಿಲಕ ಹಾಕಿಕೊಂಡರೆ ದಾವೆ ಅಲ್ಲಿಯೇ ನಿಂತುಬಿಡುತ್ತದೆ ಎಂಬ ನಂಬಿಕೆ ಯಾವ ಜಗಲಿಯಲ್ಲಿ ಹುಟ್ಟಿತೋ ತಿಳಿಯದು. ಓದು ಬರಹ ಬಲ್ಲವರೂ ಅದನ್ನೇ ನೆಚ್ಚಿ ಮನೆ ಕಳೆದುಕೊಂಡಿದ್ದಾರೆ. ಸಮನ್ಸ್ ಜಾರಿಯ ಬಗೆಯನ್ನು ಹೇಳುವ, ಸಂಹಿತೆಯ ಆದೇಶ 5ನ್ನು ಒಮ್ಮೆ ಓದಿದರೂ ಈ ಭ್ರಮೆ ಉಳಿಯುವುದಿಲ್ಲ. ಅಂಚೆಯವರು ‘ಸ್ವೀಕರಿಸಲು ನಿರಾಕರಿಸಿದ್ದಾರೆ’ ಎಂದು ಷರಾ ಬರೆದು ಲಕೋಟೆಯನ್ನು ಮರಳಿಸಿದರೆ, ಸಮನ್ಸ್ ಜಾರಿಯಾಗಿದೆಯೆಂದು ನ್ಯಾಯಾಲಯ ಘೋಷಿಸುತ್ತದೆ. ಸರಿಯಾದ ವಿಳಾಸಕ್ಕೆ ಸ್ವೀಕೃತಿ ಚೀಟಿ ಸಹಿತ ನೋಂದಾಯಿತ ಅಂಚೆಯಲ್ಲಿ ಕಳಿಸಿದ್ದು, ಆ ಚೀಟಿ 30 ದಿನಗಳಲ್ಲಿ ಹಿಂತಿರುಗದಿದ್ದರೂ ಹಾಗೆಯೇ ಘೋಷಿಸಬಹುದು. ನೀವು ಮನೆಯಲ್ಲಿರದೆ, ಬೇಗನೆ ಸಿಗುವ ಸಂಭವವೂ ಇಲ್ಲದಿದ್ದರೆ, ನಿಮ್ಮೊಡನೆ ವಾಸವಿರುವ ವಯಸ್ಕ ಕುಟುಂಬ ಸದಸ್ಯರ ಕೈಗೆ ಕೊಟ್ಟರೆ ಸಾಕು. ಮನೆಗೆಲಸದವರು ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಇಷ್ಟೆಲ್ಲ ದಾಟಿ ಜಾರಿಯಲ್ಲಿ ಏನೋ ಲೋಪ ಕಂಡುಹಿಡಿದಿರೆಂದೇ ಇಟ್ಟುಕೊಳ್ಳೋಣ. ವಿಚಾರಣೆಯ ದಿನಾಂಕ ನಿಮಗೆ ಗೊತ್ತಿತ್ತು, ಹಾಜರಾಗಲು ಸಮಯವೂ ಇತ್ತು ಎಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ, ಬರಿಯ ಲೋಪದ ಕಾರಣಕ್ಕೆ ಡಿಕ್ರಿಯನ್ನು ರದ್ದುಪಡಿಸುವಂತಿಲ್ಲವೆಂದು ಆದೇಶ 9, ನಿಯಮ 13ರ ಪರಂತುಕವೇ (ನಿಯಮಕ್ಕೆ ಸೇರಿಸಿದ ಷರತ್ತು) ಹೇಳುತ್ತದೆ.

ಹಾಗಾದರೆ ಗೆಲ್ಲುವವರು ಎಲ್ಲಿ ಗೆಲ್ಲುತ್ತಾರೆ? ಹೆಚ್ಚಾಗಿ ಸಮನ್ಸ್‌ನ ಬೆನ್ನಿಗೆ ಅಮೀನರು ಬರೆದಿರುವ ವರದಿಯಲ್ಲಿ. ಕಡತದ ದೃಢೀಕೃತ ನಕಲು ಪಡೆದು, ಮೊದಲು ಆ ಹಾಳೆಯನ್ನು ತೆರೆಯಿರಿ. ‘ಮನೆಗೆ ಬೀಗ ಹಾಕಿತ್ತು, ಬಾಗಿಲಿಗೆ ಅಂಟಿಸಿ ಬಂದೆ’ ಎಂಬ ಒಂದೇ ಸಾಲಿದ್ದು, ಮನೆಯನ್ನು ಗುರುತಿಸಿದವರು ಯಾರು, ಯಾರ ಸಮ್ಮುಖದಲ್ಲಿ ಅಂಟಿಸಲಾಯಿತು ಎಂಬುದು ಅಲ್ಲಿಲ್ಲದಿದ್ದರೆ ನಿಮ್ಮ ವಾದಕ್ಕೆ ಬಲ ಬರುತ್ತದೆ, ಏಕೆಂದರೆ ಆ ವಿವರಗಳನ್ನು ಆದೇಶ 5ರ ನಿಯಮ 17 ಸ್ಪಷ್ಟವಾಗಿಯೇ ಕೇಳುತ್ತದೆ. ನೀವು ಬಿಟ್ಟು ವರ್ಷಗಳಾದ ಬಾಡಿಗೆ ಮನೆಯ ವಿಳಾಸಕ್ಕೆ ಸಮನ್ಸ್ ಹೋಗಿದ್ದರೆ ಬಲ ಇನ್ನೂ ಹೆಚ್ಚು.

ಕಾಲಮಿತಿ ಡಿಕ್ರಿಯ ದಿನದಿಂದ 30 ದಿನಗಳು. ಸಮನ್ಸ್ ಸರಿಯಾಗಿ ಜಾರಿಯಾಗದಿದ್ದಲ್ಲಿ ಡಿಕ್ರಿಯ ವಿಷಯ ತಿಳಿದ ದಿನದಿಂದ. ಪತ್ರಿಕಾ ಪ್ರಕಟಣೆಯ ಮೂಲಕ ಆದ ಬದಲಿ ಜಾರಿಯನ್ನು ಈ ಎಣಿಕೆಯ ಮಟ್ಟಿಗೆ ಸರಿಯಾದ ಜಾರಿಯೆಂದು ಪರಿಗಣಿಸುವುದಿಲ್ಲ. ತಡವಾಗಿದ್ದರೆ ವಿಳಂಬ ಮನ್ನಿಸಲು ಬೇರೊಂದು ಅರ್ಜಿ, ಹರಾಜು ನಿಲ್ಲಿಸಲು ತಡೆಯಾಜ್ಞೆಯ ಮತ್ತೊಂದು ಅರ್ಜಿ ಬೇಕು. ಮೂಲ ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಹರಾಜು ನಿಲ್ಲುವುದಿಲ್ಲ. ಅಡಮಾನದ ದಾವೆಯಲ್ಲಿ ಬಾಕಿ ಕಟ್ಟಲು ಗಡುವು ಕೊಡುವ ಪ್ರಾಥಮಿಕ ಡಿಕ್ರಿ, ಕಟ್ಟದಿದ್ದರೆ ಮಾರಾಟಕ್ಕೆ ಆದೇಶಿಸುವ ಅಂತಿಮ ಡಿಕ್ರಿ ಎಂದು ಎರಡಿರುವುದರಿಂದ, ಪ್ರಾಥಮಿಕ ಡಿಕ್ರಿಯನ್ನು ಬಿಟ್ಟು ಅಂತಿಮ ಡಿಕ್ರಿಯ ಮೇಲಷ್ಟೇ ಗುರಿಯಿಡಬೇಡಿ. ಡಿಕ್ರಿ ರದ್ದಾದರೂ ಸಾಲ ರದ್ದಾಗುವುದಿಲ್ಲ. ದಾವೆ ಮತ್ತೆ ಜೀವ ಪಡೆಯುತ್ತದೆ, ಅಷ್ಟೆ. ಅದಕ್ಕೂ ಖರ್ಚು ಕೊಡಿ, ಇಂತಿಷ್ಟು ಹಣ ಠೇವಣಿ ಇಡಿ ಎಂಬ ಷರತ್ತುಗಳನ್ನು ನ್ಯಾಯಾಲಯ ವಿಧಿಸಬಹುದು.

ನೀವು ಕೇಳದಿದ್ದರೂ ಒಂದು ಮಾತು ಹೇಳಬೇಕು. ಜಾರಿಯ ಲೋಪ ಹುಡುಕುವ ಭರದಲ್ಲಿ ಬಹಳ ಮಂದಿ ಅಡಮಾನದ ದಾವೆಗಳಿಗೆ ಸಂಬಂಧಿಸಿದ, ಸಂಹಿತೆಯ ಆದೇಶ 34ನ್ನು ಮರೆಯುತ್ತಾರೆ. ಅಂತಿಮ ಡಿಕ್ರಿಯಾಗಿ ಮನೆ ಹರಾಜಾಗಿಯೇ ಹೋಗಿದ್ದರೂ, ಆ ಮಾರಾಟವನ್ನು ನ್ಯಾಯಾಲಯ ಸ್ಥಿರೀಕರಿಸುವ ಮುನ್ನ ಬಾಕಿಯನ್ನೆಲ್ಲ ನ್ಯಾಯಾಲಯದಲ್ಲಿ ಕಟ್ಟಿ ಮನೆಯನ್ನು ಬಿಡಿಸಿಕೊಳ್ಳಲು ಅವಕಾಶವಿದೆ. ಹರಾಜಿನಲ್ಲಿ ಕೊಂಡವರಿಗೆ ಸಲ್ಲಬೇಕಾದ, ಖರೀದಿ ಮೊತ್ತದ ಶೇಕಡಾ 5ರಷ್ಟು ಹಣವನ್ನು ಅದರೊಂದಿಗೆ ಸೇರಿಸಿ ಕಟ್ಟಬೇಕು. ಅದಕ್ಕೆ ಸಮನ್ಸ್ ಯಾರ ಕೈಗೆ ಬಂತು, ಯಾರು ಸಹಿ ಹಾಕಿದರು ಎಂಬುದನ್ನು ಸಾಬೀತುಪಡಿಸುವ ಅಗತ್ಯವೇ ಇಲ್ಲ.